ಮಲಕವ್ವ ರುಚಿ ನೋಡುವುದು ಬಿಟ್ಟದ್ದು

ಮಲಕವ್ವ ಸುಳ್ಳು ಹೇಳುವ ಹೆಂಗಸಲ್ಲ. ಅವಳ ಖಾನಾವಳಿಯಲ್ಲಿ ಉಂಡವರನ್ನು ಯಾರನ್ನಾದರೂ ಕೇಳಿ ನೋಡಿ. ಬದನೆಕಾಯಿ ಹುಳುಕು ಬಂದಿದ್ದರೆ ಇವತ್ತು ಎಣ್ಣೆಗಾಯಿ ಇಲ್ಲವೆಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದಳು. ನಿನ್ನೆಯ ರೊಟ್ಟಿಯನ್ನು ಇವತ್ತಿನದೆಂದು ಬಡಿಸಿದ್ದು ಒಂದು ದಿನವೂ ಇಲ್ಲ. ಆದ್ದರಿಂದ ದಾಸರಹಳ್ಳಿಯ ಡಾಕ್ಟರ್ ಉಮಾಶ್ರೀ ದಿನಾ ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ ಅವಳ ಮಟ್ಟಿಗೆ ನೂರಕ್ಕೆ ನೂರು ಸತ್ಯವಾಗಿತ್ತು.

"ಮಧ್ಯಾಹ್ನ ಎರಡ ರೊಟ್ಟಿ, ಒಂದೀಟ ಪಲ್ಯೆ. ರಾತ್ರಿ ಒಂದ ರೊಟ್ಟಿ, ಮಜ್ಜಿಗಿ. ಅಷ್ಟರೀ. ಅದೂ ಒಮ್ಮೊಮ್ಮೆ ಸೇರಂಗಿಲ್ಲ."

ಡಾಕ್ಟರು ಎಂಬತ್ತನಾಲ್ಕು ಕಿಲೋ ತೋರಿಸುತ್ತಿದ್ದ ತೂಕದ ಯಂತ್ರವನ್ನೊಮ್ಮೆ, ಮಲಕವ್ವನನ್ನೊಮ್ಮೆ ನೋಡಿದರು. ಉಮಾಶ್ರೀ ದಾವಣಗೆರೆ ಕಡೆಯವರು. ವಯಸ್ಸು ಮೂವತ್ತು ದಾಟಿರಲಿಲ್ಲ, ಆದರೆ ಬಾಯಿ ಬಿಡದೆ ಬರೀ ನೋಟದಲ್ಲೇ ರೋಗಿಯನ್ನು ಕಟಕಟೆಗೆ ಹತ್ತಿಸುವ ವಿದ್ಯೆಯನ್ನು ಆಗಲೇ ಕಲಿತುಬಿಟ್ಟಿದ್ದರು. ಮಲಕವ್ವನಿಗೆ ಮೈಯೆಲ್ಲ ಉರಿಯಿತು. ಆದರೂ ಸಹಿಸಿಕೊಂಡು ಕೂತಳು, ಯಾಕೆಂದರೆ ಮೇಜಿನ ಮೇಲೆ ರಕ್ತದ ರಿಪೋರ್ಟ್ ಇತ್ತು.

"ಖಾಲಿ ಹೊಟ್ಟೇಲಿ ನೂರಾ ಇಪ್ಪತ್ತೆರಡು ಇದೆಯಮ್ಮ. ಇದನ್ನ ಸಕ್ಕರೆ ಕಾಯಿಲೆ ಅಂತ ಹೇಳಲ್ಲ ನಾನು. ಆದ್ರೆ ಹೀಗೇ ಬಿಟ್ರೆ ಬಂದೇ ಬರುತ್ತೆ. ಮೂರು ತಿಂಗಳು ಟೈಮ್ ಕೊಡ್ತೀನಿ. ತೂಕ ಇಳಿಸಿ, ದಿನಾ ನಡೀರಿ. ಆಗ್ಲೂ ಇಳೀಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋಣ."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಂಡ ಮುರಿಗೆಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಕೆಲಸ ಹಾಳು ಎಂದು ನಂಬಿದವನಿಗೆ ನೂರಾ ಇಪ್ಪತ್ತೆರಡು ಬಹಳ ದೊಡ್ಡ ತಪ್ಪಾಗಿ ಕಂಡಿತು. ಮಲಕವ್ವನ ತಾಯಿಯ ಕೊನೆಗಾಲವನ್ನು ಅವನೂ ಕಣ್ಣಾರೆ ನೋಡಿದ್ದ. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಿದ್ದು, ಆಮೇಲೆ ಎರಡೂ ಕಣ್ಣು ಹೋದದ್ದು, ಅಷ್ಟು ದೊಡ್ಡ ಮನೆಯ ಅಡುಗೆ ಮಾಡಿದ ಕೈ ಗೋಡೆ ತಡವಿಕೊಂಡು ಓಡಾಡಿದ್ದು. ಮನೆಗೆ ಬರುವ ದಾರಿಯಲ್ಲೇ ಅವನು ತೀರ್ಪು ಕೊಟ್ಟ.

"ಮೂರ ತಿಂಗಳ ನೋಡ್ತೀನಿ. ರಿಪೋರ್ಟ್ ಸುದ್ದ ಬರಲಿಲ್ಲ ಅಂದ್ರ ಖಾನಾವಳಿ ಬಂದ್. ನಿನ್ನ ಕಣ್ಣ ಹೋದ ಮ್ಯಾಲೆ ಆ ಒಲಿ ತಗೊಂಡ ಏನ ಮಾಡೂದೈತಿ?"

ಜಗಳ ಮಾಡಬಹುದಿತ್ತು. ಆದರೆ ಮಾತಿನಲ್ಲಿ ಪ್ರೀತಿಯಿದ್ದಾಗ ಜಗಳ ಹತ್ತುವುದಿಲ್ಲ. "ಆತು ಬಿಡ್ರಿ" ಎಂದಳು. ಅಂದ ಮೇಲೆ ಮುಗಿಯಿತು, ಅವಳು ಮಾತಿಗೆ ತಪ್ಪುವವಳಲ್ಲ. ಆದರೆ ಆ ಒಲೆ ಬಿಟ್ಟರೆ ಅವಳಿಗೆ ಬೆಂಗಳೂರಿನಲ್ಲಿ ಬೇರೆ ಗುರುತೇ ಇರಲಿಲ್ಲ.

ಪೀಣ್ಯದ ಎರಡನೇ ಹಂತದಲ್ಲಿ ಒಂದು ಕಡೆ ಲೇತ್ ಮಷೀನುಗಳ ಷೆಡ್ಡು, ಇನ್ನೊಂದು ಕಡೆ ಸ್ಪ್ರಿಂಗ್ ಮಾಡುವ ಷೆಡ್ಡು, ನಡುವೆ ಸಿಮೆಂಟ್ ಶೀಟಿನ ಕೆಳಗೆ ಮಲಕವ್ವನ ಖಾನಾವಳಿ. ಬೋರ್ಡಿರಲಿಲ್ಲ. ಹನ್ನೆರಡೂವರೆಯ ಸೈರನ್ ಕೂಗಿದ ಮೇಲೆ ಬಾಗಲಕೋಟೆ, ಗದಗ, ಕೊಪ್ಪಳದ ಗಂಡಸರು ಜಿಡ್ಡಿನ ಕೈಯನ್ನು ಮರದ ಹೊಟ್ಟಿನಲ್ಲಿ ತಿಕ್ಕಿ ತೊಳೆದುಕೊಂಡು ಯಾವ ಕಡೆ ನಡೆಯುತ್ತಿದ್ದರೋ ಆ ಕಡೆ ನಡೆದರೆ ಸಾಕಿತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನದ ಮೇಲೆ ಬ್ಯಾಳಿ ಎನ್ನುವ ಗಟ್ಟಿ ಬೇಳೆಸಾರು. ಗುರುವಾರ ಗೋಧಿ ಹುಗ್ಗಿ. ಎಂಟು ವರ್ಷದಿಂದ ಉಪ್ಪು ಖಾರ ಒಂದೇ ಹದ. ಮಲಕವ್ವನ ನಾಲಿಗೆ ಎಂದರೆ ತಕ್ಕಡಿ ಎಂದು ಜನ ಹೇಳುತ್ತಿದ್ದರು, ಅವಳೂ ಅದನ್ನು ನಂಬಿದ್ದಳು.

ಡಾಕ್ಟರು ನಡಿಗೆಯ ಜೊತೆಗೆ ಇನ್ನೊಂದು ಕೆಲಸ ಹೇಳಿಕೊಟ್ಟಿದ್ದರು. ಬೆನ್ನು ನೆಟ್ಟಗಿಟ್ಟು ಕೂರಬೇಕು, ಒಂದು ಕೈ ಹೊಟ್ಟೆಯ ಮೇಲಿರಬೇಕು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಒಳಗೆ, ಎಂಟು ಎಣಿಸುವವರೆಗೆ ಹೊರಗೆ. ಹತ್ತು ನಿಮಿಷ. ಬಲ ಹಾಕಬಾರದು. ಮಲಕವ್ವನಿಗೆ ಬಲ ಹಾಕದೆ ಏನನ್ನಾದರೂ ಮಾಡಿ ಅಭ್ಯಾಸವಿರಲಿಲ್ಲ. ಪಂಪ್ ಸ್ಟೋವಿಗೆ ಗಾಳಿ ತುಂಬುವ ಹಾಗೆ ಭುಸುಭುಸು ಎಳೆದು ಬಿಟ್ಟು, ಮೂರನೇ ದಿನ ತಲೆ ಸುತ್ತಿ ಜೋಳದ ಚೀಲದ ಮೇಲೆ ಕುಕ್ಕರಿಸಿದಳು.

ಪಾತ್ರೆ ತಿಕ್ಕುತ್ತಿದ್ದ ಚಿಕ್ಕಮುನಿಯಮ್ಮ ತಲೆಯೆತ್ತಿ ನೋಡಿದಳು. ಅವಳು ಪೀಣ್ಯದ ಹಳ್ಳಿಯವಳೇ, ಅರವತ್ತು ದಾಟಿದವಳು. ಸ್ಪ್ರಿಂಗ್ ಷೆಡ್ಡು ಇರುವ ಜಾಗ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಈಗ ಒಂದು ಎಮ್ಮೆ, ಓಣಿಯಲ್ಲೊಂದು ಮನೆ, ಮತ್ತು ಮಲಕವ್ವನ ಅಡುಗೆಮನೆಯ ಕೆಲಸ.

"ಉಸ್ರು ಬುಡೋಕೂ ಡಾಕ್ಟ್ರ ತಾವ ಓಗಿ ಕಲ್ತ್ಕಂಬಂದ್ಯೇನವ್ವ? ನಮ್ಮೆಮ್ಮೆ ಯಾರ್ ತಾವೂ ಓಗ್ದಲೆ ನಿನ್ಗಿಂತ ಸಂದಾಗಿ ಬುಡ್ತದೆ."

ಮಲಕವ್ವ ಬೈಯಬೇಕೆಂದುಕೊಂಡವಳು ನಕ್ಕುಬಿಟ್ಟಳು. ಮರುದಿನ ನಿಜವಾಗಿಯೂ ಹೋಗಿ ಆ ಎಮ್ಮೆ ಮೆಲುಕು ಹಾಕುತ್ತಾ ಉಸಿರಾಡುವುದನ್ನು ಸ್ವಲ್ಪ ಹೊತ್ತು ನೋಡಿಕೊಂಡು ಬಂದಳು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಅಂದಿನಿಂದ ಉಸಿರಾಟ ಹದಕ್ಕೆ ಬಂತು. ಬೆಳಗಿನ ನಡಿಗೆಯೂ ಶುರುವಾಯಿತು. ಮೊದಲ ಪಾಳಿಯ ಬಸ್ಸುಗಳು ಬರುವ ಮುಂಚೆ, ಚಿಕ್ಕಮುನಿಯಮ್ಮನ ಜೊತೆ, ಕಾರ್ಖಾನೆಗಳ ಕಾಂಪೌಂಡಿನ ಪಕ್ಕದಲ್ಲೇ ಒಂದು ಸುತ್ತು.

ಒಂದು ತಿಂಗಳು ಹೀಗೆ ಕಳೆದು, ಗೆದ್ದೆನೆಂಬ ಗತ್ತಿನಲ್ಲಿ ಮಲಕವ್ವ ತೂಕದ ಯಂತ್ರ ಹತ್ತಿದರೆ ಅದು ಎಂಬತ್ತೈದು ತೋರಿಸಿತು.

ಡಾಕ್ಟರು ಅವಳು ಬರೆದು ತಂದಿದ್ದ ಊಟದ ನೋಟ್‌ಬುಕ್ಕನ್ನು ಹಾಳೆ ಹಾಳೆಯಾಗಿ ತಿರುವಿದರು. ಏಳನೇ ಕ್ಲಾಸಿನವರೆಗೆ ಓದಿದವಳ ದುಂಡನೆಯ ಅಕ್ಷರದಲ್ಲಿ ಎರಡು ರೊಟ್ಟಿ, ಒಂದು ರೊಟ್ಟಿ, ಎರಡು ರೊಟ್ಟಿ, ಒಂದು ರೊಟ್ಟಿ. "ಅಮ್ಮಾ, ಇದಿಷ್ಟೇನಾ?" ಎಂದರು. ದನಿಯಲ್ಲಿ ತಪ್ಪು ಹೊರಿಸುವುದೇನೂ ಇರಲಿಲ್ಲ, ಆದರೆ ಮಲಕವ್ವನ ಕಿವಿಗೆ ಅದು ನೀನು ಸುಳ್ಳಿ ಎಂದೇ ಕೇಳಿಸಿತು.

"ನಾ ಸುಳ್ಳ ಬರದೀನಿ ಅನ್ನೂದಾದ್ರ ಬಂದ ಒಂದ ದಿನಾ ನಮ್ಮ ಅಡಗಿಮನ್ಯಾಗ ಕುಂದರ್ರಿ ಡಾಕ್ಟರವ್ವಾ" ಎಂದು ನೋಟ್‌ಬುಕ್ ಕಸಿದುಕೊಂಡು ಬಂದಳು. ಬಂದವಳು ಬದನೆಕಾಯಿಯನ್ನು ಕಡಿದ ರಭಸಕ್ಕೆ ಈಳಿಗೆಮಣೆ ಅಲ್ಲಾಡಿತು. ಯಾಕೆಂದು ಚಿಕ್ಕಮುನಿಯಮ್ಮ ಕೇಳಿದಳು, ಮಲಕವ್ವ ಹೇಳಿದಳು. ಚಿಕ್ಕಮುನಿಯಮ್ಮ ನೋಟ್‌ಬುಕ್ಕಿನಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಿದಳು. ಕೇಳಿ, ಬೆರಳನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು, ಆಮೇಲೆ ಹೋಗಿ ಪಾತ್ರೆ ತಿಕ್ಕಿದಳು.

ಮರುದಿನ ಗುರುವಾರ. ಸಂಜೆ ನಾಲ್ಕಕ್ಕೆ ಅಡುಗೆಮನೆ ತೊಳೆದ ಮೇಲೆ ಚಿಕ್ಕಮುನಿಯಮ್ಮ ಮೂಲೆಯಿಂದ ಒಂದು ಸ್ಟೀಲಿನ ಡಬ್ಬಿ ಎತ್ತಿ ತಂದು ಮಲಕವ್ವನ ಮುಂದೆ ಇಟ್ಟಳು. ಹಿಟ್ಟು ಹಾಕಿಡುವ ದೊಡ್ಡ ಡಬ್ಬಿ.

"ಏನದು?"

"ನಿನ್ನೂಟ ಕಣವ್ವ."

"ನನ್ನೂಟ ಆಗೇತೆಲ್ಲ. ಎರಡ ರೊಟ್ಟಿ ತಿಂದ್ನೆಲ್ಲ."

"ಅದು ನೀನು ಬರ್ಕಂಡಿರೋ ಊಟ. ಇದು ಬರೀದೆ ಇರೋದು. ಬೆಳಿಗ್ಗಿಂದ ನೀನು ರುಚಿ ನೋಡ್ದಾಗೆಲ್ಲ ಅಷ್ಟಷ್ಟೇ ತಗ್ದು ಇದ್ರಾಗೆ ಆಕಿವ್ನಿ. ಒಂದು ಅಗುಳೂ ಜಾಸ್ತಿ ಆಕಿಲ್ಲ, ನನ್ನ ಮೊಮ್ಮಕ್ಕಳಾಣೆಗೂ."

ಮಲಕವ್ವ ಮುಚ್ಚಳ ತೆಗೆದಳು. ಡಬ್ಬಿ ಕಂಠದವರೆಗೆ ತುಂಬಿತ್ತು. ತಳದಲ್ಲಿ ಬೆಳಗಿನ ಉಪ್ಪಿಟ್ಟು, ಅದು ಉಪ್ಪಿಗೆ ಒಂದು ಸಲ, ನಿಂಬೆ ಹಿಂಡಿದ ಮೇಲೆ ಇನ್ನೊಂದು ಸಲ. ಅದರ ಮೇಲೆ ಚಟ್ನಿ ಹಚ್ಚಿದ ರೊಟ್ಟಿಯ ಚೂರುಗಳು, ಏಳೋ ಎಂಟೋ. ಒಳಗಿನ ಹೂರಣ ಬೆಂದಿದೆಯೋ ಇಲ್ಲವೋ ಎಂದು ನೋಡಲು ದಿನವೂ ಅವಳೇ ತಿನ್ನುವ ಮೊದಲನೆಯ ಇಡೀ ಬದನೆಕಾಯಿ. ಕಾಳಿನ ಪಲ್ಯ ಮೂರು ಚಮಚೆ. ಬ್ಯಾಳಿ ಎಷ್ಟು ಸಲವೋ. ಎಲ್ಲದರ ಮೇಲೆ, ಬೆಲ್ಲ ಸಾಕೇ, ತುಪ್ಪ ಸಾಕೇ, ಏಲಕ್ಕಿ ಸಾಕೇ ಎಂದು ನೋಡಿದ ಹುಗ್ಗಿ, ಗಟ್ಟಿಯಾಗಿ ಕೂತಿತ್ತು. ಎರಡು ಗಂಡಾಳು ಉಣ್ಣುವಷ್ಟಿತ್ತು.

ನಾಲಿಗೆಯ ಮೇಲೆ ಇಟ್ಟದ್ದು ಊಟವಲ್ಲ, ಅದು ಕೆಲಸ. ಅಡುಗೆ ಮಾಡುವ ಹೆಂಗಸು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಡುವುದೂ ಇಲ್ಲ. ಆಮೇಲೆ ಅವಳಿಗೆ ತಾಯಿ ನೆನಪಾದಳು. ನಲವತ್ತು ಜನರ ಕೂಡು ಕುಟುಂಬಕ್ಕೆ ಮೂರು ಹೊತ್ತು ಬೇಯಿಸಿ ಹಾಕಿದ ತಾಯಿ. ದಪ್ಪಗಿದ್ದಾಳೆಂದು ಮನೆಮಂದಿ ಆಡಿಕೊಂಡಾಗಲೆಲ್ಲ "ನಾ ಏನೂ ತಿಂದಿಲ್ಲ ಮಗಳ" ಎನ್ನುತ್ತಿದ್ದಳು. ಇಪ್ಪತ್ತು ವರ್ಷದ ಮಲಕವ್ವನಿಗೆ ಆ ಮಾತು ಕೇಳಿ ನಾಚಿಕೆಯಾಗುತ್ತಿತ್ತು. ಕದ್ದು ತಿಂದು ಸುಳ್ಳು ಹೇಳುತ್ತಾಳೆಂದು ನಂಬಿದ್ದಳು, ಒಂದು ಸಲ ಮುಖದ ಮೇಲೆ ಹೇಳಿಯೂ ಇದ್ದಳು. ಈಗ ಡಬ್ಬಿಯ ಮುಂದೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿಕ್ಕಮುನಿಯಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ಕೂತಳು.

ಮರುದಿನದಿಂದ ರುಚಿ ನೋಡುವುದಿಲ್ಲ ಎಂದು ಮಲಕವ್ವ ಶಪಥ ಮಾಡಿದಳು. ಹತ್ತು ಗಂಟೆಯೊಳಗೆ ನಾಲ್ಕು ಸಲ ನೋಡಿಯಾಗಿತ್ತು. ಕೈ ಅವಳನ್ನು ಕೇಳುತ್ತಲೇ ಇರಲಿಲ್ಲ. ಸೌಟು ಮೇಲೆ ಬಂತು, ಅಂಗೈಗೆ ನಾಲ್ಕು ಹನಿ ಬಿತ್ತು, ಅಂಗೈ ಬಾಯಿಗೆ ಹೋಯಿತು, ಆಮೇಲೆ ಶಪಥ ನೆನಪಾಯಿತು. ಡಾಕ್ಟರ ಹತ್ತಿರ ಹೋಗಿ ಡಬ್ಬಿಯ ಕಥೆಯನ್ನೆಲ್ಲ ಒಪ್ಪಿಸಿದಳು. ಉಮಾಶ್ರೀ ಮೊದಲು ನಕ್ಕರು, ಆಮೇಲೆ ಕ್ಷಮೆ ಕೇಳಿದರು.

"ನಾನು ಕೇಳ್ಬೇಕಾಗಿದ್ದೇ ಅದು, ಕೇಳ್ಲಿಲ್ಲ. ತಪ್ಪು ನಂದು. ನೋಡಿಯಮ್ಮ, ಉಸಿರಾಟ ಮಾಡಿದ್ರೆ ಕೊಬ್ಬು ಕರಗಿಬಿಡುತ್ತೆ ಅಂತ ನಾನು ಹೇಳಲ್ಲ. ಕೈ ಬಾಯಿಗೆ ಹೋಗೋ ಮುಂಚೆ ಮೂರು ಸಲ ನಿಧಾನವಾಗಿ ಉಸಿರು ಬಿಡಿ. ಅಷ್ಟು ಹೊತ್ತಲ್ಲಿ ಇದು ಬೇಕಾ ಬೇಡ್ವಾ ಅಂತ ನಿಮಗೇ ಗೊತ್ತಾಗುತ್ತೆ."

ಗೊತ್ತಾಗುತ್ತಿತ್ತು. ಆದರೂ ಮೂರು ಉಸಿರು ಬಿಟ್ಟು ನಾಲ್ಕನೆಯದಕ್ಕೆ ರುಚಿ ನೋಡುತ್ತಿದ್ದಳು. ಯಾಕೆಂದು ತಿಳಿದದ್ದು ಮುಂದಿನ ಸೋಮವಾರ.

ಸೋಮವಾರ ಬೆಳಿಗ್ಗೆ ಖಾನಾವಳಿಯ ಒಲೆ ಹಚ್ಚುವ ಮುಂಚೆ ಅವಳು ಮನೆಯಲ್ಲಿ ಲಿಂಗಪೂಜೆಗೆ ಒಂದು ಸಣ್ಣ ಬೋಗುಣಿ ಹುಗ್ಗಿ, ಒಂದಿಷ್ಟು ಪಲ್ಯ ಮಾಡುತ್ತಿದ್ದಳು. ಅದು ಮೀಸಲು. ದೇವರಿಗೆ ಎಡೆ ತೋರಿಸುವವರೆಗೆ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಎಂಜಲು. ಅವಳು ಬೋಗುಣಿ ಇಳಿಸಿ ನೋಡುತ್ತಾ ನಿಂತಳು. ಎಂಟು ವರ್ಷದ ಎಲ್ಲ ಸೋಮವಾರಗಳೂ ಮೀಸಲು ಅಡುಗೆ ಮಾಡಿದ್ದಳು. ಒಂದು ದಿನವೂ ರುಚಿ ನೋಡಿರಲಿಲ್ಲ. ಒಂದು ದಿನವೂ ಕೆಟ್ಟಿರಲಿಲ್ಲ. ಅದೇ ಕೈ, ಅದೇ ಉಪ್ಪು.

ಹಾಗಾದರೆ ಮಂಗಳವಾರ ಯಾಕೆ ನಾಲಿಗೆ ಬೇಕು? ಉತ್ತರ ಅವಳಿಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೆ. ಖಾನಾವಳಿ ತೆರೆದ ಮೊದಲ ವಾರ, ಗಡಿಬಿಡಿಯಲ್ಲಿ ಬ್ಯಾಳಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಹನ್ನೊಂದು ಜನ ತಟ್ಟೆ ತಳ್ಳಿ ಎದ್ದು ಹೋಗಿದ್ದರು. ಮೊದಲು ಎದ್ದವನು ಗದಿಗೆಪ್ಪ, ಮುರಿಗೆಪ್ಪನ ವರ್ಕ್‌ಶಾಪಿನ ಫೋರ್‌ಮನ್, ಗದಗಿನವನು, ಮುಖದ ಮೇಲೆ ಹೇಳುವ ಮನುಷ್ಯ. ಮೂರು ವಾರದ ಮೇಲೆ ಎಲ್ಲರೂ ತಿರುಗಿ ಬಂದರು. ಆದರೆ ಆ ಹನ್ನೊಂದು ತುಂಬಿದ ತಟ್ಟೆಗಳು ಮಲಕವ್ವನ ಕಣ್ಣಿಂದ ಹೋಗಿರಲಿಲ್ಲ. ಅವಳು ನೋಡುತ್ತಿದ್ದದ್ದು ರುಚಿಯನ್ನಲ್ಲ. ದಿನಕ್ಕೆ ನಲವತ್ತು ಸಲ ಅವಳು ತನ್ನ ಹೆದರಿಕೆಗೆ ತುತ್ತು ಹಾಕುತ್ತಿದ್ದಳು.

ಪೂಜೆ ಮುಗಿಸಿ ಬಂದ ಮುರಿಗೆಪ್ಪನಿಗೆ ಅವಳು ಹೇಳಿದಳು.

"ಇನ್ನ ಮ್ಯಾಲೆ ಖಾನಾವಳಿ ಅಡಗಿ ಪೂರಾ ಮೀಸಲರೀ. ಮೊದಲನೇ ತಾಟ ಬಡಿಸೂತನಕ ನಾನೂ ಮುಟ್ಟಂಗಿಲ್ಲ, ಮತ್ತೊಬ್ರೂ ಮುಟ್ಟಂಗಿಲ್ಲ."

"ಖಾನಾವಳಿ ಅಡಗಿ ಯಾ ದೇವರಿಗೆ ಮೀಸಲ?"

"ಉಣ್ಣಾಕ ಬರೋರಿಗೆ. ಅವರ ಹಸಿವು ಹಸಿವಲ್ಲೇನು?"

ಮುರಿಗೆಪ್ಪ ಮಠದ ದಾಸೋಹದಲ್ಲಿ ಉಂಡು ಬೆಳೆದ ಹುಡುಗ. ಆ ಮಾತಿಗೆ ಎದುರಾಡುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ತಲೆ ಕೆರೆದುಕೊಂಡು ಕೆಲಸಕ್ಕೆ ಹೋದ.

ಮಂಗಳವಾರದಿಂದ ಹೊಸ ರೀತಿ ಶುರುವಾಯಿತು. ಉಪ್ಪು ಹಾಕುವ ಹೊತ್ತಿಗೆ ಮಲಕವ್ವ ಸೌಟು ಕೆಳಗಿಡುತ್ತಿದ್ದಳು. ಕಣ್ಣು ಮುಚ್ಚಿ, ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ, ಹೀಗೆ ಮೂರು ಸಲ. ಆಮೇಲೆ ಉಪ್ಪಿನ ಭರಣಿಗೆ ಕೈ ಹಾಕುತ್ತಿದ್ದಳು. ಎಷ್ಟು ಎಂಬುದು ಮುಷ್ಟಿಗೆ ಗೊತ್ತಿತ್ತು. ಮೊದಲ ಎರಡು ದಿನ ಎದೆ ಡವಡವ ಎಂದಿತು. ಎಂಟು ಎಣಿಸುವಷ್ಟರಲ್ಲಿ ಅದು ಇಳಿಯುತ್ತಿತ್ತು, ಇಳಿಯದಿದ್ದರೆ ಇನ್ನೊಂದು ಸಲ ಎಣಿಸುತ್ತಿದ್ದಳು. ಹಾಗೆ ಒಲೆಯ ಮುಂದೆ ಪಾತ್ರೆಗೆ ಮುಖ ಮಾಡಿ ನಿಧಾನವಾಗಿ ಉಸಿರೆಳೆಯುತ್ತಾ ಅವಳಿಗೆ ಬೇರೆ ಸಂಗತಿಗಳೂ ತಿಳಿಯತೊಡಗಿದವು. ಬೇಳೆಯ ಹಸಿ ವಾಸನೆ ಯಾವ ಗಳಿಗೆಯಲ್ಲಿ ಹೋಗುತ್ತದೆ, ಬೆಲ್ಲ ಹೊಂದಿಕೊಂಡ ಹುಗ್ಗಿಯ ಹಬೆ ಹೇಗಿರುತ್ತದೆ, ಬದನೆಕಾಯಿಯೊಳಗಿನ ಗುರೆಳ್ಳು ಬೆಂದದ್ದು ಮೂಗಿಗೆ ಹೇಗೆ ಗೊತ್ತಾಗುತ್ತದೆ. ಉಪ್ಪಿಗೆ ಮಾತ್ರ ವಾಸನೆಯಿಲ್ಲ. ಅದನ್ನು ಕೈಗೇ ಬಿಟ್ಟಳು.

ಶುಕ್ರವಾರ ಗದಿಗೆಪ್ಪ ಬೆರಳು ನೆಕ್ಕುತ್ತಾ, "ಎಣ್ಣಿಗಾಯಿ ಇವತ್ತ ಭಾಳ ಚಲೋ ಆಗೇತಿ ನೋಡವಾ" ಎಂದ. ಮಲಕವ್ವ ಒಳಗೆ ಹೋಗಿ ಜೋಳದ ಚೀಲಗಳ ಹಿಂದೆ ನಿಂತು ಒಬ್ಬಳೇ ನಕ್ಕಳು.

ಆಗಸ್ಟ್ ಮುಗಿಯುವ ಹೊತ್ತಿಗೆ ರವಿಕೆಯ ತೋಳು ಸಡಿಲವಾಯಿತು. ಸೆಪ್ಟೆಂಬರಿನ ಕೊನೆಗೆ ತೂಕ ಎಪ್ಪತ್ತೊಂಬತ್ತಕ್ಕೆ ಬಂತು. ಬೆಳಗಿನ ನಡಿಗೆ ಒಂದು ಸುತ್ತಿನಿಂದ ಮೂರು ಸುತ್ತಾಯಿತು, ಇಲ್ಲಿ ನಮ್ಮ ಬಾವಿ ಇತ್ತು, ಅಲ್ಲಿ ನಮ್ಮ ಕಣ ಇತ್ತು ಎಂದು ಚಿಕ್ಕಮುನಿಯಮ್ಮ ಗೋಡೆಗಳತ್ತ ಬೆರಳು ತೋರಿಸುವುದೂ ಮೂರರಷ್ಟಾಯಿತು. ರಕ್ತದ ಪರೀಕ್ಷೆ ಮಾತ್ರ ಬಾಕಿಯಿತ್ತು. ಮೀಸಲಿನ ಸಂಗತಿ ಕೇಳಿ ಮೆಚ್ಚಿದ ಡಾಕ್ಟರು ಅದಕ್ಕೆ ದಸರಾ ಮುಗಿದ ಮೇಲೆ ಬನ್ನಿ ಎಂದಿದ್ದರು.

ಅಷ್ಟರಲ್ಲಿ ಮುರಿಗೆಪ್ಪನ ವರ್ಕ್‌ಶಾಪಿನ ಮಾಲೀಕರು ಆಯುಧಪೂಜೆಯ ಊಟ ಮಲಕವ್ವನಿಂದಲೇ ಆಗಬೇಕೆಂದರು. ನೂರಾ ಎಂಬತ್ತು ಜನ. ಅಕ್ಕಪಕ್ಕದ ಷೆಡ್ಡಿನವರು, ಮಾಲೀಕರ ಮನೆಯವರು, ಅವರ ಬೀಗರು. ಅಷ್ಟು ದೊಡ್ಡ ಅಡುಗೆಯನ್ನು ಅವಳು ಇದುವರೆಗೆ ಮಾಡಿರಲಿಲ್ಲ. ಆದರೂ ಆಗಲಿ ಎಂದಳು.

ಹಬ್ಬದ ಬೆಳಿಗ್ಗೆ ತೊಳೆದು ಒರೆಸಿದ ಮಷೀನುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ದೊಡ್ಡ ಲೇತಿನ ಎರಡೂ ಕಡೆ ಬಾಳೆಕಂದು. ಹಿಂದಿನ ಅಂಗಳದಲ್ಲಿ ಎರಡು ಕೊಪ್ಪರಿಗೆ ಬ್ಯಾಳಿ ಕುದಿಯುತ್ತಿತ್ತು. ಮಲಕವ್ವ ಮೂರು ಉಸಿರು ಮುಗಿಸಿ ಮೊದಲನೆಯ ಕೊಪ್ಪರಿಗೆಗೆ ಉಪ್ಪು ಹಾಕಿ, ಎರಡನೆಯದರ ಕಡೆ ತಿರುಗುವಷ್ಟರಲ್ಲಿ ಹೊಸ ಪಂಚೆ ಉಟ್ಟ ಮುರಿಗೆಪ್ಪ ಬೆವರುತ್ತಾ ಬಂದ. ಅವನ ಮಾಲೀಕರು, ಅವನ ಫೋರ್‌ಮನ್, ಅವನ ಮರ್ಯಾದೆ.

"ಇದೊಂದ ದಿನಾ ರುಚಿ ನೋಡಿಬಿಡ. ನಾಕ ಹನಿ ಬ್ಯಾಳಿ ನಾಲಿಗಿಗೆ ಹಚ್ಚಿದ್ರ ಸಕ್ಕರಿ ಬರತೈತೇನು?"

"ನಾಕ ಹನಿಗೆ ಬರಂಗಿಲ್ಲರೀ. ನಾಕ ಹನಿಯಿಂದನ ಶುರು ಆಗತೈತಿ."

"ಹಂಗಾರ ನಾ ನೋಡ್ತೀನಿ" ಎಂದು ಅವನು ಸೌಟಿಗೆ ಕೈ ಹಾಕಿದ.

"ಮೀಸಲ ಅದ. ಕೆಳಗ ಇಡ್ರಿ."

ದನಿ ಏರಿರಲಿಲ್ಲ, ಆದರೂ ಅವನು ಕೆಳಗಿಟ್ಟ. ಅವನನ್ನು ಎಲೆ ಹಾಸಲು ಅತ್ತ ಕಳಿಸಿ, ಮಲಕವ್ವ ಹುಗ್ಗಿಯ ಕಡೆ ಓಡಿದಳು. ತಳ ಹಿಡಿಯುವ ಹೊತ್ತಾಗಿತ್ತು.

ಮಂಗಳಾರತಿ ಆಯಿತು, ಮಷೀನುಗಳ ಮುಂದೆ ಎಡೆ ಇಟ್ಟದ್ದಾಯಿತು, ಮೊದಲ ಪಂಕ್ತಿ ಕೂತಿತು. ರೊಟ್ಟಿ ಎಣ್ಣೆಗಾಯಿಗೆ ಯಾರೂ ತಲೆಯೆತ್ತಲಿಲ್ಲ. ಅನ್ನ ಬಂತು, ಅದರ ಮೇಲೆ ಬ್ಯಾಳಿ ಬಂತು. ಗದಿಗೆಪ್ಪ ಕಲಸಿ ಒಂದು ತುತ್ತು ಬಾಯಿಗಿಟ್ಟ, ಅಗಿಯುವುದನ್ನು ನಿಲ್ಲಿಸಿದ, ಷೆಡ್ಡಿಗೆಲ್ಲ ಕೇಳುವ ಗಂಟಲಿನಲ್ಲಿ ಕೂಗಿದ.

"ಮಲಕವ್ವಾ, ಬ್ಯಾಳ್ಯಾಗ ಉಪ್ಪ ಇಲ್ಲಲ್ಲ. ಚೂರೂ ಇಲ್ಲ."

ಪಂಕ್ತಿಯವರೆಲ್ಲ ಅವಳ ಕಡೆ ತಿರುಗಿದರು. ಮಾಲೀಕರು ತಲೆಯೆತ್ತಿದರು. ನೀರು ಬಡಿಸುತ್ತಿದ್ದ ಮುರಿಗೆಪ್ಪನ ಮುಖ ಸುಣ್ಣ ಬಳಿದಂತಾಯಿತು. ಎರಡನೆಯ ಕೊಪ್ಪರಿಗೆ ಎಂದು ಮಲಕವ್ವನಿಗೆ ತಕ್ಷಣ ಹೊಳೆಯಿತು. ಸೌಟಿನ ಜಗಳದಲ್ಲಿ ಅದಕ್ಕೆ ಉಪ್ಪು ಬಿದ್ದೇ ಇರಲಿಲ್ಲ.

ಎಂಟು ವರ್ಷದಿಂದ ಅವಳು ಯಾವುದಕ್ಕೆ ಹೆದರಿ ಬದುಕಿದ್ದಳೋ ಅದು ಈಗ ಎದುರಿಗೇ ನಡೆದುಹೋಗಿತ್ತು, ಅದೂ ನೂರಾರು ಜನರ ನಡುವೆ, ಅದೂ ಗದಿಗೆಪ್ಪನ ಬಾಯಿಂದಲೇ. ಮಲಕವ್ವ ನಿಂತಲ್ಲೇ ನಿಂತು, ಹೆದರಿಕೆ ಬರಲೆಂದು ಕಾದಳು. ಒಂದು ಉಸಿರು ಒಳಗೆ ಬಂತು, ನಿಧಾನವಾಗಿ ಹೊರಗೆ ಹೋಯಿತು. ಹೆದರಿಕೆ ಬರಲಿಲ್ಲ. ಬದಲು, ಅನ್ನ ಆರುವ ಮುಂಚೆ ಉಪ್ಪು ತರಬೇಕು ಎಂಬ ಯೋಚನೆ ಬಂತು.

"ಹೌದ್ರೀ, ಎರಡನೇ ಕೊಪ್ಪರಿಗಿಗೆ ಹಾಕೂದ ಮರತೀನಿ. ಏಳಬ್ಯಾಡ್ರಿ, ಉಪ್ಪ ತರತೀನಿ."

ಕೊಪ್ಪರಿಗೆಯಲ್ಲಿ ಉಳಿದಿದ್ದ ಬ್ಯಾಳಿಗೆ ಉಪ್ಪು ಹಾಕಿ ಬಂದು, ಎಣ್ಣೆ ಮಿಂಚುವ ನೆಲದ ಮೇಲೆ ಬರಿಗಾಲಲ್ಲಿ, ಉಪ್ಪಿನ ಬಟ್ಟಲು ಹಿಡಿದು, ಅವಳೇ ಎಲೆ ಎಲೆಗೆ ಬಗ್ಗಿ ಚಿಟಿಕೆ ಚಿಟಿಕೆ ಹಾಕಿಕೊಂಡು ಬಂದಳು. ಮೂರು ತಿಂಗಳ ಹಿಂದೆ ಆಗಿದ್ದರೆ ಹತ್ತು ಎಲೆಗೆ ಏದುಸಿರು ಬಂದಿರುತ್ತಿತ್ತು. ಅರವತ್ತು ಎಲೆ ಬಗ್ಗಿ ಎದ್ದಳು. ಗದಿಗೆಪ್ಪ ಕಲಸಿಕೊಂಡು ಉಂಡ, "ಈಗ ಸುದ್ದ ಆತು" ಎಂದ, ಇನ್ನೊಂದು ಸೌಟು ಬ್ಯಾಳಿಗೆ ಎಲೆಯಲ್ಲಿ ಜಾಗ ಮಾಡಿದ. ಅಷ್ಟೇ. ಯಾರೂ ಏಳಲಿಲ್ಲ. ಮಾಲೀಕರ ಬೀಗರು ಹುಗ್ಗಿ ಎರಡನೇ ಸಲ ಹಾಕಿಸಿಕೊಂಡರು.

ಕೊನೆಯ ಪಂಕ್ತಿಯಲ್ಲಿ ಮಲಕವ್ವ ಚಿಕ್ಕಮುನಿಯಮ್ಮನ ಪಕ್ಕ ಎಲೆ ಹಾಕಿಸಿಕೊಂಡು ಕೂತಳು. ಬೆಳಿಗ್ಗೆ ತಿಂದ ಅರ್ಧ ರೊಟ್ಟಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು, ಮೊದಲು ಅದು ಏನೆಂದೇ ಅವಳಿಗೆ ತಿಳಿಯಲಿಲ್ಲ. ಹಸಿವು. ಜನರ ಹಸಿವಿಗಾಗಿ ಎಂಟು ವರ್ಷ ಒಲೆಯ ಮುಂದೆ ನಿಂತಿದ್ದವಳಿಗೆ ಅಷ್ಟೂ ವರ್ಷ ತನ್ನ ಹಸಿವಿನ ಮುಖ ಕಂಡಿರಲಿಲ್ಲ. ಒಂದು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟಳು. ಸಾಕೋ ಬೇಕೋ ಎಂಬ ಪ್ರಶ್ನೆಯಿಲ್ಲದೆ, ಬರೀ ಉಣ್ಣುವವಳಾಗಿ ಉಂಡಳು. ಅಡುಗೆ ಚೆನ್ನಾಗಿತ್ತು. ಗದಿಗೆಪ್ಪ ಯಾಕೆ ಬೆರಳು ನೆಕ್ಕುತ್ತಾನೆಂದು ಈಗ ಅರ್ಥವಾಯಿತು.

"ಉಗ್ಗಿ ಇನ್ನೊಂದ್ ಸೌಟು ಆಕ್ಲೇನವ್ವ?" ಎಂದು ಚಿಕ್ಕಮುನಿಯಮ್ಮ ಕೇಳಿದಳು.

"ಸಾಕ್ರೀ ಯಮ್ಮಾ. ಹೊಟ್ಟಿ ತುಂಬೇತಿ" ಎಂದಳು ಮಲಕವ್ವ. ಅದು ನಿಜವಾಗಿತ್ತು.

ಮುಂದಿನ ವಾರ ರಿಪೋರ್ಟ್ ಬಂತು. ಖಾಲಿ ಹೊಟ್ಟೆಯಲ್ಲಿ ನೂರಾ ನಾಲ್ಕು, ತೂಕ ಎಪ್ಪತ್ತೆಂಟು. ಉಮಾಶ್ರೀ ಚೀಟಿಯನ್ನು ಅವಳ ಕೈಗೇ ಕೊಟ್ಟರು. ಮಲಕವ್ವ ಅಂಕೆಗಳನ್ನು ಎರಡು ಸಲ ಓದಿ ಗಂಡನಿಗೆ ದಾಟಿಸಿದಳು. ಮುರಿಗೆಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ನೋಡುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

"ಮಾತ್ರೆ ಬೇಡ" ಎಂದರು ಡಾಕ್ಟರು. "ಆದ್ರೆ ಇದು ಇವತ್ತಿಗೆ ಮುಗೀತು ಅಂದ್ಕೋಬೇಡಿ. ನಡಿಗೆ, ಉಸಿರಾಟ, ಮೀಸಲು, ಮೂರೂ ಬಿಡ್ಬಾರ್ದು. ಆರು ತಿಂಗಳಿಗೊಂದು ಸಲ ಬಂದು ರಕ್ತ ಕೊಡಿ."

"ಬಿಡಂಗಿಲ್ರೀ."

"ಒಂದು ಮಾತು ಕೇಳ್ಲಾ? ರುಚಿ ನೋಡದೇ ಮಾಡಿದ ಅಡುಗೆ ಹೇಗಿರುತ್ತೆ?"

"ನನ್ನೇನ ಕೇಳ್ತೀರಿ ಡಾಕ್ಟರವ್ವಾ. ಬಂದ ಉಂಡ ನೋಡ್ರಿ. ಉಪ್ಪ ಕಡಿಮಿ ಆಗಿದ್ರ ಕೇಳ್ರಿ, ಹಾಕ್ತೀನಿ."

ಮಲಕವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆಯಾಗಿತ್ತು, ಬದನೆಕಾಯಿ ಇನ್ನೂ ಹೆಚ್ಚಿರಲಿಲ್ಲ. ಹನ್ನೆರಡೂವರೆಗೆ ನಲವತ್ತು ಜನ ಹಸಿದು ಬರುವವರಿದ್ದರು, ಆ ಹೊತ್ತಿಗೆ ತನಗೂ ಹಸಿವಾಗಿರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.